ಶ್ವೇತಮೇಘಕುಟೀರದ ಪಂಡಿತನು

ವಿಯೆಟ್ನಾಂ ದೇಶದ ಪಂಡಿತಶ್ರೇಷ್ಠರಲ್ಲಿ ನ್ಗುಯೆನ್ ಬಿನ್ ಖಿಯೆಮನು (1491–1585) ಅಗ್ರಗಣ್ಯನು. ರಾಜ್ಯವು ಕಲಹಗ್ರಸ್ತವಾಗಿದ್ದುದರಿಂದ ಆತನು ಬಹುಕಾಲ ರಾಜಪರೀಕ್ಷೆಗೆ ವಿಮುಖನಾಗಿದ್ದನು. 1527ರಲ್ಲಿ ಲೇ ವಂಶದ ಸಿಂಹಾಸನವು ಮಾಕ್ ವಂಶದವರ ವಶವಾಯಿತು. ಅವರು ನಡೆಸಿದ 1535ರ ಪರೀಕ್ಷೆಯಲ್ಲಿ ಆತನು ಪ್ರಥಮಸ್ಥಾನವನ್ನು ಪಡೆದು ಆಸ್ಥಾನವನ್ನು ಸೇರಿದನು. ಅಲ್ಲಿಯ ಅನ್ಯಾಯವನ್ನು ಸಹಿಸಲಾರದೆ, 1542ರಲ್ಲಿ 18 ಮಂದಿ ಭ್ರಷ್ಟಾಧಿಕಾರಿಗಳಿಗೆ ಮರಣದಂಡನೆಯನ್ನು ವಿಧಿಸಬೇಕೆಂದು ಅರಸನಿಗೆ ಬಿನ್ನವಿಸಿದನು. ಬಿನ್ನಹವು ಮನ್ನಣೆಗೆ ಬರಲಿಲ್ಲ. ಪಂಡಿತನು ಪದವಿಯನ್ನು ತ್ಯಜಿಸಿ, ಸ್ವಗ್ರಾಮಕ್ಕೆ ಮರಳಿ, ‘ಬಾಕ್ ವಾನ್’, ಎಂದರೆ ಶ್ವೇತಮೇಘ, ಎಂಬ ಕುಟೀರವನ್ನು ಕಟ್ಟಿಕೊಂಡು ಶಿಷ್ಯರಿಗೆ ಪಾಠ ಹೇಳತೊಡಗಿದನು. ಚೀನೀ ಭಾಷೆಯಲ್ಲಿಯೂ ದೇಶಭಾಷೆಯಲ್ಲಿಯೂ ಕವಿತೆಗಳನ್ನು ರಚಿಸಿದನು. ತಾನು ಬಿಟ್ಟುಬಂದ ಆಸ್ಥಾನವೇ ಮುಂದೆ ಆತನ ಸಲಹೆಯನ್ನು ಬೇಡಿತು. ಪದವಿಯಲ್ಲಿದ್ದಾಗ ಸಲ್ಲದ ಮಾತು ಪಾಠಶಾಲೆಯಿಂದ ಬಂದಾಗ ಸಂದಿತು. ವಿದ್ವಾಂಸನಿಗೆ ಅಧಿಕಾರವು ಆಭರಣವಾದೀತು, ಆಧಾರವಾಗಲಾರದು.