ಎರಡನೆಯ ನೋಟ: ಶ್ರೇಷ್ಠ ಚಲನಚಿತ್ರಗಳ ಬಾಳಿಕೆ ಕುರಿತು

ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳಿ ಶ್ರೇಷ್ಠ ಚಿತ್ರಗಳ ಪಟ್ಟಿ ಪ್ರಕಟಿಸುತ್ತ ಬಂದಿದೆ. ಮೊದಲ ಪಟ್ಟಿಯ ನೆತ್ತಿಯಲ್ಲಿದ್ದದ್ದು ವಿಟ್ಟೋರಿಯೊ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’. ಆಗ ಅದು ಬಂದು ನಾಲ್ಕೇ ವರ್ಷವಾಗಿತ್ತು. 1941ರ ‘ಸಿಟಿಜನ್ ಕೇನ್’ ಮೊದಲ ಹತ್ತರೊಳಗೂ ಇರಲಿಲ್ಲ. ಅದೇ ಚಿತ್ರ 1962ರಲ್ಲಿ ಮೊದಲ ಸ್ಥಾನಕ್ಕೇರಿ, 2002ರ ಪಟ್ಟಿಯವರೆಗೆ ಅಲ್ಲೇ ಉಳಿಯಿತು. 2012ರಲ್ಲಿ ‘ವರ್ಟಿಗೊ’, 2022ರಲ್ಲಿ ಶಾಂತಾಲ್ ಅಕರ್ಮಾನ್ ಅವರ ‘ಜೀನ್ ಡೀಲ್ಮನ್’ ಆ ಸ್ಥಾನ ಪಡೆದವು. ಸಾರ್ವಕಾಲಿಕ ಮೌಲ್ಯಗಳಿದ್ದುದರಿಂದ ಚಿತ್ರ ಉಳಿಯಿತು ಎಂಬ ರೂಢಿಯ ಉತ್ತರ ಈ ಏರಿಳಿತವನ್ನು ವಿವರಿಸಲಾರದು. ಮೌಲ್ಯ 1952ರಲ್ಲೂ ‘ಕೇನ್’ನೊಳಗೇ ಇತ್ತಲ್ಲವೇ?

ಚಿತ್ರವೊಂದರ ಬಾಳಿಕೆ ತೀರ್ಮಾನವಾಗುವುದು ಅದನ್ನು ಎರಡನೆಯ ಬಾರಿ ನೋಡುವಾಗ ಎಂಬುದು ಈ ಲೇಖನದ ವಾದ. ಮರಳಿ ನೋಡಿದಾಗ ಬೇರೆಯೇ ಆಗಿ ತೆರೆದುಕೊಳ್ಳುವ ರಚನೆ ಚಿತ್ರಕ್ಕಿರಬೇಕು. ಮರಳಿ ನೋಡಲು ಅದರ ಪ್ರತಿಯೂ ಉಳಿದಿರಬೇಕು. ಮೊದಲನೆಯದು ನಿರ್ದೇಶಕರ ಕೆಲಸ. ಎರಡನೆಯದು ಬಹುಪಾಲು ಹೆಸರಿಲ್ಲದ ತಂತ್ರಜ್ಞರ ಮತ್ತು ಭಂಡಾರಿಗಳ ಕೆಲಸ, ನಮ್ಮ ಚಿತ್ರವಿಮರ್ಶೆ ಅದಕ್ಕೆ ಸಲ್ಲಬೇಕಾದ ಗಮನ ಕೊಟ್ಟಿಲ್ಲ.

‘ಕೇನ್’ 1956ರಲ್ಲಿ ಅಮೆರಿಕದಲ್ಲಿ ಮತ್ತೆ ಬಿಡುಗಡೆಯಾಯಿತು, ದೂರದರ್ಶನಕ್ಕೂ ಬಂತು. ಪಟ್ಟಿಯಲ್ಲಿ ಅದರ ಏರಿಕೆ ಇದರ ನಂತರದ್ದು. ಆದರೆ ಮರುಬಿಡುಗಡೆಯ ಭಾಗ್ಯ ಪಡೆದ ಚಿತ್ರಗಳೆಲ್ಲ ಮೇಲೇರಲಿಲ್ಲ. ‘ಕೇನ್’ ಏರಿದ್ದೇಕೆ ಎಂಬುದಕ್ಕೆ ಅದರಲ್ಲಿ ತಾಯಿ ಮಗನನ್ನು ಬ್ಯಾಂಕಿನವನಿಗೆ ಒಪ್ಪಿಸುವ ದೃಶ್ಯವನ್ನು ಗಮನಿಸಬಹುದು. ಒಳಗೆ ಕಾಗದಪತ್ರಕ್ಕೆ ಸಹಿ ಬೀಳುತ್ತಿದೆ, ಕಿಟಕಿಯಾಚೆ ಹಿಮದಲ್ಲಿ ಹುಡುಗ ಕೂಗಾಡುತ್ತ ಆಡುತ್ತಿದ್ದಾನೆ. ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ಸ್ಪಷ್ಟತೆಯಲ್ಲಿ ಹಿಡಿದಿದ್ದಾರೆ. ಮೊದಲ ಸಲ ನಮ್ಮ ಕಣ್ಣು ಮಾತಿನ ಹಿಂದೆ ಹೋಗಿ ಮೇಜಿನ ಬಳಿ ನಿಲ್ಲುತ್ತದೆ. ಅವನ ಮುಂದಿನ ಬದುಕು ತಿಳಿದ ಮೇಲೆ ಕಣ್ಣು ತಾನಾಗಿ ಕಿಟಕಿಯತ್ತ ಸರಿಯುತ್ತದೆ. ಎರಡೂ ನೋಟಗಳಿಗೆ ಬೇಕಾದದ್ದು ಒಂದೇ ಚೌಕಟ್ಟಿನಲ್ಲಿ ಮೊದಲಿನಿಂದಲೂ ಇತ್ತು.

‘ವರ್ಟಿಗೊ’ದಲ್ಲಿ ಹಿಚ್‌ಕಾಕ್ ಇನ್ನೂ ಮುಂದೆ ಹೋಗುತ್ತಾರೆ. ಮೂಲ ಫ್ರೆಂಚ್ ಕಾದಂಬರಿ ಕೊನೆಯವರೆಗೆ ಕಾಯ್ದಿಟ್ಟ ಗುಟ್ಟನ್ನು ಚಿತ್ರ ಮೂರನೆಯ ಎರಡು ಭಾಗ ಮುಗಿಯುವ ಹೊತ್ತಿಗೇ ನಾಯಕಿ ಜೂಡಿಯ ಪತ್ರದ ಮೂಲಕ ಪ್ರೇಕ್ಷಕರಿಗೆ ಬಿಟ್ಟುಕೊಡುತ್ತದೆ. ಗುಟ್ಟು ಹೋದರೆ ಕುತೂಹಲವೂ ಹೋಗಬೇಕಿತ್ತು. ಆದದ್ದು ಹಾಗಲ್ಲ. ಪುನಃ ನೋಡುವಾಗ ಚಿತ್ರದ ಮೊದಲರ್ಧ ಜೂಡಿಯ ಪಾತ್ರಧಾರಿ ಕಿಮ್ ನೊವಾಕ್ ಅವರದಾಗುತ್ತದೆ: ನಟಿಸುತ್ತಿರುವ ಹೆಣ್ಣಿನ ಪಾತ್ರವನ್ನು ಅವರು ನಟಿಸುತ್ತಿದ್ದರು ಎಂಬುದು ಆಗಷ್ಟೇ ಕಾಣುತ್ತದೆ. ಈ ಚಿತ್ರ ಹಲವು ವರ್ಷ ಚಲಾವಣೆಯಿಂದ ಹೊರಗಿದ್ದು 1983ರಲ್ಲಿ ಮರಳಿತು. ಅದಕ್ಕೂ ಮೊದಲೇ, 1982ರಲ್ಲಿ, ಅದು ಮೊದಲ ಹತ್ತರೊಳಗೆ ಬಂದಿತ್ತು ಎಂಬುದು ನನ್ನ ವಾದಕ್ಕೆ ತೊಡಕೇ ಸರಿ. ನೋಡಿದವರ ನೆನಪೂ ಸ್ವಲ್ಪ ಕಾಲ ಪ್ರತಿಯ ಕೆಲಸ ಮಾಡಬಲ್ಲದು ಎಂದಷ್ಟೇ ಹೇಳಬಹುದು. ಮೊದಲ ಸ್ಥಾನಕ್ಕೆ ಅದು ಏರಿದ್ದು ಮರುಬಿಡುಗಡೆಯೂ 1996ರ ಪುನರುದ್ಧಾರವೂ ಆದ ಮೇಲೆ.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಎರಡೂ ಬಗೆಯಲ್ಲಿ ಪರೀಕ್ಷೆಗೊಳಗಾದ ಕೃತಿ. ನೆರೆಮನೆಯವರು ಮಣಿಸರ ಕದ್ದ ಆರೋಪ ಹೊರಿಸಿದಾಗ ದುರ್ಗಾ ಇಲ್ಲವೆನ್ನುತ್ತಾಳೆ. ತಾಯಿ ಸರ್ವಜಯಾ ಅವಳ ಕೂದಲು ಹಿಡಿದೆಳೆದು ಹೊರದಬ್ಬುತ್ತಾಳೆ. ದುರ್ಗಾ ತೀರಿಕೊಂಡ ಮೇಲೆ, ಊರು ಬಿಡುವ ಹೊತ್ತಿನಲ್ಲಿ ಅವಳ ತಮ್ಮ ಅಪುವಿನ ಕೈಗೆ ಆ ಸರ ಸಿಗುತ್ತದೆ, ಅವನು ಅದನ್ನು ಯಾರಿಗೂ ತೋರಿಸದೆ ಕೊಳಕ್ಕೆಸೆಯುತ್ತಾನೆ. ಸತ್ಯ ಗೊತ್ತಿರುವುದು ಅಪುವಿಗೆ ಮತ್ತು ನಮಗೆ. ಎರಡನೆಯ ಬಾರಿ ಆ ಜಗಳವನ್ನು ನೋಡುವಾಗ ಹುಡುಗಿ ಸುಳ್ಳು ಹೇಳುತ್ತಿರುವುದು ನಮಗೆ ಗೊತ್ತು, ಆದರೂ ಮನಸ್ಸು ಅವಳ ಪಕ್ಷದಲ್ಲೇ ಇರುತ್ತದೆ. ಬಡತನದ ಬಗ್ಗೆ ಬರೆದ ಎಷ್ಟೋ ಪುಟಗಳಿಗಿಂತ ಈ ಅನುಭವ ಹೆಚ್ಚಿನದನ್ನು ತಿಳಿಸುತ್ತದೆ ಎಂದು ನಾನು ನಂಬಿದ್ದೇನೆ.

1993ರಲ್ಲಿ ಲಂಡನ್ನಿನ ಚಿತ್ರ ಪ್ರಯೋಗಾಲಯವೊಂದಕ್ಕೆ ಬೆಂಕಿ ಬಿದ್ದು, ‘ಪಥೇರ್ ಪಾಂಚಾಲಿ’ಯೂ ಸೇರಿದ ಅಪು ಚಿತ್ರತ್ರಯದ ಮೂಲ ನೆಗೆಟಿವ್‌ಗಳು ಸುಟ್ಟವು. ಕರಟಿದ ಸುರುಳಿಗಳನ್ನು ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್ ಎಸೆಯದೆ ಇಟ್ಟುಕೊಂಡಿತು. ಎರಡು ದಶಕಗಳ ನಂತರ ಇಟಲಿಯ ಬೊಲೊನ್ಯಾದ ‘ಲಿಮ್ಮಾಜಿನೆ ರಿತ್ರೊವಾತಾ’ ಪ್ರಯೋಗಾಲಯದ ತಂತ್ರಜ್ಞರು ಸೆಟೆದುಹೋಗಿದ್ದ ಫಿಲ್ಮನ್ನು ದ್ರಾವಣದಲ್ಲಿ ಮೆದುಗೊಳಿಸಿ, ಅಂಚಿನ ರಂಧ್ರಗಳನ್ನು ಕೈಯಿಂದ ಸರಿಪಡಿಸಿದರು. ‘ಪಥೇರ್ ಪಾಂಚಾಲಿ’ಯ ನೆಗೆಟಿವ್‌ನಲ್ಲಿ ಬಳಕೆಗೆ ಬಂದದ್ದು ಶೇಕಡ 40ರಷ್ಟು, ಉಳಿದದ್ದನ್ನು ಬೇರೆ ಪ್ರತಿಗಳಿಂದ ತುಂಬಿದರು. 1955ರಲ್ಲಿ ಚಿತ್ರ ಮೊದಲು ತೆರೆಕಂಡ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯದಲ್ಲೇ 2015ರಲ್ಲಿ ಅದು ಮತ್ತೆ ಪ್ರದರ್ಶನಗೊಂಡಿತು. ಡ್ರೈಯರ್ ಅವರ ‘ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ (1928) ಕೂಡ ಬೆಂಕಿಗೆ ಸಿಕ್ಕಿದ್ದೇ. ಅದರ ಮೂಲರೂಪದ ಪ್ರತಿ 1981ರಲ್ಲಿ ನಾರ್ವೆಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ದೊರೆಯಿತು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ (1934) ಅಂಥ ಅದೃಷ್ಟ ಒದಗಲಿಲ್ಲ. ಪ್ರತಿಯೇ ಇಲ್ಲದುದರಿಂದ ಅದರ ಗುಣದ ಬಗ್ಗೆ ಪರವಾಗಿಯೂ ವಿರುದ್ಧವಾಗಿಯೂ ತೀರ್ಪು ಸಾಧ್ಯವಿಲ್ಲ.

ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಮಾತ್ರ ಪುನರುದ್ಧಾರಗೊಂಡು 2024ರ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ಹಳೆಯ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನ ಕಂಡಿತು. ಯು.ಆರ್. ಅನಂತಮೂರ್ತಿ ಅವರ ಕಥೆಯನ್ನು ಆಧರಿಸಿದ ಈ ಚಿತ್ರ ವೇದಪಾಠಶಾಲೆಗೆ ಬಂದ ಪುಟ್ಟ ನಾಣಿಯ ತಿಳಿವಳಿಕೆಯ ಮಿತಿಯನ್ನು ತನ್ನ ಮಿತಿಯಾಗಿ ಒಪ್ಪಿಕೊಂಡಿದೆ. ಪಾಠಶಾಲೆಯ ಉಡುಪರ ವಿಧವೆ ಮಗಳು ಯಮುನಕ್ಕನಿಗೆ ಏನಾಗುತ್ತಿದೆ ಎಂಬುದು ಅವನಿಗೆ ತುಣುಕು ತುಣುಕಾಗಿ ಮಾತ್ರ ದಕ್ಕುತ್ತದೆ, ಮೊದಲ ನೋಟದಲ್ಲಿ ನಾವೂ ಅವನ ಭಯದೊಂದಿಗೇ ನಡೆಯುತ್ತೇವೆ. ಮಗಳನ್ನು ಬದುಕಿರುವಾಗಲೇ ಸತ್ತವಳೆಂದು ಘಟಶ್ರಾದ್ಧ ಮಾಡಿ ಹೊರಹಾಕಿದ ಉಡುಪರು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲಿರುವ ವಿಷಯ ಗೊತ್ತಾಗುವುದು ಕೊನೆಗೆ. ಅದನ್ನು ತಿಳಿದುಕೊಂಡು ಮತ್ತೆ ಮೊದಲಿನಿಂದ ನೋಡಿದರೆ ಪಾಠಶಾಲೆಯ ಶಿಸ್ತು, ಮಂತ್ರಘೋಷ, ಉಡುಪರ ಗಾಂಭೀರ್ಯ ಯಾವುದೂ ಹಿಂದಿನಂತೆ ಇರುವುದಿಲ್ಲ. ಒಂದೇ ಶಾಸ್ತ್ರ ಮಗಳಿಗೆ ಏನು ಮಾಡಿತು, ತಂದೆಗೆ ಏನನ್ನು ಬಿಟ್ಟುಕೊಟ್ಟಿತು ಎಂಬ ಲೆಕ್ಕ ಪ್ರತಿ ದೃಶ್ಯದಲ್ಲೂ ಎದುರಾಗುತ್ತದೆ. ಆ ಲೆಕ್ಕವನ್ನು ಕಾಸರವಳ್ಳಿ ಯಾವ ಪಾತ್ರದ ಬಾಯಲ್ಲೂ ಭಾಷಣವಾಗಿ ಆಡಿಸಿಲ್ಲ.