ಕಪ್ಪು ನೀರಿನ ಮೀನು ಹಿಡಿದವರು

1956ರ ಫೆಬ್ರವರಿ 20ರಂದು ಅಮೆರಿಕದ ಮೀನುತಜ್ಞ ಲಿಯೊನಾರ್ಡ್ ಷುಲ್ಟ್ಜ್ ಒಂದು ಪುಟ್ಟ ಮೀನಿಗೆ ಅಕ್ವೇರಿಯಂ ಪತ್ರಿಕೆಯ ಒಡೆಯ ಹರ್ಬರ್ಟ್ ಆಕ್ಸೆಲ್‌ರಾಡ್‌ ಅವರ ಹೆಸರಿಟ್ಟರು. ಮರುದಿನವೇ ಮಯರ್ಸ್ ಮತ್ತು ವೈಟ್ಸ್‌ಮನ್ ಅದೇ ಮೀನಿಗೆ ಬೇರೆ ಹೆಸರು ಅಚ್ಚು ಹಾಕಿಸಿದರು. ಪಂಚಾಯಿತಿ ಪ್ರಾಣಿಗಳ ಹೆಸರು ತೀರ್ಮಾನಿಸುವ ಅಂತರರಾಷ್ಟ್ರೀಯ ಆಯೋಗದ ಮುಂದೆ ಹೋಗಿ, ಒಂದು ದಿನ ಮೊದಲು ಬಂದ ಹೆಸರೇ ಗೆದ್ದಿತು. ಅದೇ ಕಾರ್ಡಿನಲ್ ಟೆಟ್ರಾ: ಮೇಲೆ ನೀಲಿ ಗೆರೆ, ಕೆಳಗೆ ಉದ್ದಕ್ಕೂ ಕೆಂಪು. ಹಿಡಿದು ತಂದವರ ಹೆಸರನ್ನು ಇಡೋಣವೆಂದು ಯಾರಿಗೂ ಹೊಳೆಯಲಿಲ್ಲ.

ಬ್ರೆಜಿಲ್‌ನ ರಿಯೊ ನೀಗ್ರೊ ನದಿ ಈ ಮೀನಿನ ದೊಡ್ಡ ತವರು. ಆಲ್‌ಫ್ರೆಡ್ ವಾಲೇಸ್ ಎಂಬ ನಿಸರ್ಗತಜ್ಞ 1850ರಿಂದ 1852ರವರೆಗೆ ಅಲ್ಲಿ ಅಲೆದು ಮೀನುಗಳ ಚಿತ್ರ ಬರೆದಿದ್ದ. ಮರಳುವ ದಾರಿಯಲ್ಲಿ ಹಡಗಿಗೆ ಬೆಂಕಿ ಬಿತ್ತು. ಆ ಚಿತ್ರಗಳು ಹೇಗೋ ಉಳಿದವು.

ಬಿಳಿ ಮರಳಿನ ಆ ನೆಲದಲ್ಲಿ ಸುಣ್ಣದಂಶ ಇಲ್ಲವೆಂದೇ ಹೇಳಬೇಕು. ಕೊಳೆತ ಎಲೆಯ ಒಗರು ಇಳಿದು ನೀರು ಹಾಲಿಲ್ಲದ ಟೀಯಂತೆ. ಪಿಎಚ್ 4ರಿಂದ 5. ನದಿ ಉಬ್ಬಿದಾಗ ಕಾಡೊಳಗೆ ನುಗ್ಗುತ್ತದೆ, ಮೀನೂ ಮರಗಳ ನಡುವೆ ಮೇಯಲು ಹೋಗುತ್ತದೆ. ನೀರು ಇಳಿಯತೊಡಗಿತೆಂದರೆ ಬಾರ್ಸೆಲೋಸ್ ಊರಿನ ಪಿಯಾಬೇರೊಗಳು ಎಂಬ ಮೀನುಗಾರರು ಸಣ್ಣ ದೋಣಿ ಹತ್ತಿ ತೊರೆಗಳಿಗೆ ಇಳಿಯುತ್ತಾರೆ. ದೋಣಿಯ ಹುಟ್ಟಿನಿಂದಲೇ ಮೀನಿನ ಗುಂಪನ್ನು ಮೆಲ್ಲಗೆ ಅಟ್ಟಿ, ಅಗಲ ಬಾಯಿಯ ಕೈಬಲೆ ಎತ್ತಿ, ಪ್ಲಾಸ್ಟಿಕ್ ತೊಟ್ಟಿಗೆ ಸುರಿಯುತ್ತಾರೆ. ಅಲ್ಲಿಂದ ಮನಾಸ್ ನಗರ, ಆಮೇಲೆ ವಿಮಾನ.

ಬೆಂಗಳೂರಿನಲ್ಲಿ ಆ ಕಪ್ಪು ನೀರನ್ನು ಅಕ್ವೇರಿಯಂ ತೊಟ್ಟಿಯಲ್ಲಿ ಕೂರಿಸಹೊರಟವರಿಗೆ ಎಲೆ ಸುಲಭ. ಫುಟ್‌ಪಾತ್ ಮೇಲೆ ಉದುರಿದ ಕಾಡುಬಾದಾಮಿ ಎಲೆ ತೊಳೆದು ಒಣಗಿಸಿ ಹಾಕಿದರೆ ಬಣ್ಣವೇನೋ ಬರುತ್ತದೆ. ನಮ್ಮ ಬೋರ್‌ವೆಲ್ ನೀರಿನ ಗಡಸು ಮಾತ್ರ ಎಲೆಗೆ ಜಗ್ಗುವುದಿಲ್ಲ, ಪಿಎಚ್ ಇದ್ದಲ್ಲೇ ಇರುತ್ತದೆ. ಅದಕ್ಕೇ ನಾನು ಮೊದಲ ಮಳೆ ಹರಿಯಬಿಟ್ಟು ಆಮೇಲೆ ತಾರಸಿ ನೀರು ಹಿಡಿದಿಡುತ್ತೇನೆ, ಬೇಸಿಗೆಯಲ್ಲಿ ಆರ್‌ಒ.

1989ರಲ್ಲಿ ನಿಂಗ್ ಲಬ್ಬಿಶ್ ಚಾವೊ ಶುರುಮಾಡಿದ ಪಿಯಾಬಾ ಯೋಜನೆಯ ವಾದವೆಂದರೆ, ಈ ಮೀನಿನಿಂದ ಹೊಟ್ಟೆ ತುಂಬುತ್ತಿರುವವರೆಗೆ ಜನ ಕಾಡು ಕಡಿಯುವುದಿಲ್ಲ. ಕಾರ್ಡಿನಲ್ ತವರಿನಲ್ಲಿ ಹೆಚ್ಚಾಗಿ ಒಂದೇ ವರ್ಷ ಬದುಕುವ ಮೀನು; ಇಳಿದು ಬತ್ತುವ ಹೊಂಡಗಳಲ್ಲಿ ಹೇಗೂ ಸಾಯುವವೇ ಬಹಳ. ಕಾಡಿನ ಮೀನು ಕೊಳ್ಳುವುದೇ ಪಾಪ ಎನ್ನುವವರ ಜೊತೆ ನನಗೆ ಇಲ್ಲೇ ಜಗಳ. ಈಗ ಆಗ್ನೇಯ ಏಷ್ಯಾದಲ್ಲೂ ಯುರೋಪಿನಲ್ಲೂ ಮರಿ ಮಾಡಿಸಿ ಮಾರುತ್ತಾರೆ, ಬಾರ್ಸೆಲೋಸ್‌ನ ವ್ಯಾಪಾರ ಕುಗ್ಗಿದೆ. ಗಾಳ ಹಾಕಿ ದೊಡ್ಡ ಟುಕುನರೆ ಮೀನು ಹಿಡಿಯುವ ಶೋಕಿಗೆ ಬರುವ ಪ್ರವಾಸಿಗರೇ ಆ ಊರಿಗೆ ಈಗ ಮುಖ್ಯ ಗಿರಾಕಿಗಳು.