ಡೀಸೆಲ್ ಕೊಳವೆಯ ಕಥೆ: ಸಡಿಲಿಸಬಹುದಾದ ನಟ್ಟು, ಮುಟ್ಟಬಾರದ ನಟ್ಟು

ಸುಳ್ಯದಿಂದ ಸಂಪಾಜೆ ಘಾಟಿಯನ್ನೋ, ಕಡಬ ತಾಲ್ಲೂಕಿನ ಗುಂಡ್ಯದಿಂದ ಶಿರಾಡಿ ಘಾಟಿಯನ್ನೋ ಏರುವ ಹಳೆಯ ಲಾರಿಯೊಂದು ‘ಮಿಸ್ಸಿಂಗ್’ ಹೊಡೆಯತೊಡಗಿದರೆ ಮೆಕ್ಯಾನಿಕ್ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಎಂಜಿನ್ ಓಡುತ್ತಿರುವಾಗಲೇ, ಪಂಪಿನಿಂದ ಪ್ರತಿ ಸಿಲಿಂಡರಿಗೂ ಹೋಗುವ ಉಕ್ಕಿನ ಕೊಳವೆಯ ನಟ್ಟನ್ನು ಒಂದೊಂದಾಗಿ ಸ್ವಲ್ಪ ಸಡಿಲಿಸಿ ನೋಡುವುದು. ನಟ್ಟು ಸಡಿಲಿಸಿದಾಗ ಎಂಜಿನ್ನಿನ ಸದ್ದು ಕುಗ್ಗಿದರೆ ಆ ಸಿಲಿಂಡರು ಕೆಲಸ ಮಾಡುತ್ತಿತ್ತೆಂದು ಅರ್ಥ. ಸದ್ದು ಬದಲಾಗದಿದ್ದರೆ ದೋಷ ಅಲ್ಲಿಯೇ ಇದೆ. ಬೇಕಾಗಿದ್ದ ಉಪಕರಣಗಳು ಎರಡೇ: ಒಂದು ಸ್ಪ್ಯಾನರ್, ಒಂದು ಜೊತೆ ಕಿವಿ.

ಇದೇ ಪರೀಕ್ಷೆಯನ್ನು ಇಂದಿನ ಲಾರಿಯ ಮೇಲೆ ಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ನಟ್ಟು ನೋಡಲು ಹಾಗೆಯೇ ಇದೆ, ಕೊಳವೆಯೂ ಹೆಚ್ಚುಕಡಮೆ ಹಾಗೆಯೇ ಇದೆ. ಬದಲಾದದ್ದು ಅದರೊಳಗಿನ ಒತ್ತಡ. ಅದು ಹೇಗೆ ಬದಲಾಯಿತೆಂದು ನೋಡೋಣ.

ಗಾಳಿಯಿಂದ ಪಂಪಿಗೆ

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ಇಂಧನದ ಶಾಖದಲ್ಲಿ ಸುಮಾರು ಕಾಲುಭಾಗವನ್ನು ಅದು ಕೆಲಸವಾಗಿ ಪರಿವರ್ತಿಸಿತು. ಅಂದಿಗೆ ಅದು ದೊಡ್ಡ ಸಾಧನೆ. ಆದರೆ ಬಿಸಿ ಗಾಳಿ ಒತ್ತಿ ತುಂಬಿರುವ ಸಿಲಿಂಡರಿನೊಳಕ್ಕೆ ಎಣ್ಣೆಯನ್ನು ತೂರಿಸುವುದು ಹೇಗೆ? ಡೀಸೆಲ್ ಇನ್ನೂ ಹೆಚ್ಚು ಒತ್ತಡದ ಗಾಳಿಯನ್ನು ಬಳಸಿ ಇಂಧನವನ್ನು ಊದಿ ಕಳಿಸಿದ. ಇದಕ್ಕೆ ಎಂಜಿನ್ನಿನ ಜೊತೆಗೇ ಭಾರವಾದ ಗಾಳಿ ಕಂಪ್ರೆಸರ್ ಬೇಕಾಗಿತ್ತು. ಕಾರ್ಖಾನೆಗೆ, ಹಡಗಿಗೆ ಅದು ಸರಿ, ಲಾರಿಗೆ ಹೊಂದುವಂಥದಲ್ಲ.

ಗಾಳಿಯ ನೆರವಿಲ್ಲದೆ ಇಂಧನವನ್ನೇ ಒತ್ತಿ ಚಿಮ್ಮಿಸುವ ಪಂಪನ್ನು ಜರ್ಮನಿಯ ರಾಬರ್ಟ್ ಬಾಷ್ ಕಂಪೆನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಡೀಸೆಲ್ ಎಂಜಿನ್ ಲಾರಿಗಳಲ್ಲಿ ವ್ಯಾಪಕವಾಗಿ ನೆಲೆಗೊಂಡದ್ದು ಅಲ್ಲಿಂದ. ಒಂದೊಂದು ಸಿಲಿಂಡರಿಗೂ ಪಂಪಿನಲ್ಲಿ ಒಂದೊಂದು ಪುಟ್ಟ ಕೊಂತ, ಅದರಿಂದ ಹೊರಟ ಒಂದೊಂದು ಕೊಳವೆ, ಕೊಳವೆಯ ತುದಿಯಲ್ಲಿ ಒಂದು ನಾಜಲ್. ಹಳೆಯ ಲಾರಿಗಳಲ್ಲಿ ಸುಮಾರು 200 ಬಾರ್ ಒತ್ತಡಕ್ಕೆ ನಾಜಲ್ ತೆರೆಯುತ್ತಿತ್ತು. ಲಾರಿಯ ಟಯರಿನ ಗಾಳಿ ಸುಮಾರು 8 ಬಾರ್ ಎಂಬುದನ್ನು ನೆನೆದರೆ ಇದರ ಅಂದಾಜು ಸಿಗುತ್ತದೆ.

ಹಳೆಯ ಎಂಜಿನ್ನಿನಲ್ಲಿ ಪಂಪಿಗೆ ಹತ್ತಿರದ ಸಿಲಿಂಡರಿನ ಕೊಳವೆಯೂ ಬಳಸಿಕೊಂಡು, ಬಾಗಿಕೊಂಡು ಹೋಗಿರುವುದನ್ನು ನೀವು ನೋಡಿರಬಹುದು. ಅದು ಅಂದಕ್ಕಲ್ಲ. ಒತ್ತಡದ ಅಲೆ ಡೀಸೆಲ್‌ನಲ್ಲಿ ಸೆಕೆಂಡಿಗೆ ಸುಮಾರು 1400 ಮೀಟರ್ ವೇಗದಲ್ಲಿ ಚಲಿಸುತ್ತದೆ. 70 ಸೆಂಟಿಮೀಟರ್ ಕೊಳವೆಯನ್ನು ದಾಟಲು ಅದಕ್ಕೆ ಅರ್ಧ ಮಿಲಿಸೆಕೆಂಡು ಸಾಕು. ಅಷ್ಟರಲ್ಲೇ, ನಿಮಿಷಕ್ಕೆ 2000 ಸುತ್ತು ತಿರುಗುವ ಎಂಜಿನ್ 6 ಡಿಗ್ರಿ ತಿರುಗಿರುತ್ತದೆ! ಎಲ್ಲ ಕೊಳವೆಗಳೂ ಒಂದೇ ಉದ್ದವಾಗಿದ್ದರೆ ಮಾತ್ರ ಎಲ್ಲ ಸಿಲಿಂಡರುಗಳಿಗೂ ಇಂಧನ ಸರಿಯಾದ ಹೊತ್ತಿಗೆ ತಲಪುತ್ತದೆ.

ಆಡುಗೋಡಿಯಿಂದ ಅಡಿಕೆ ತೋಟಕ್ಕೆ

ಈ ತಂತ್ರಜ್ಞಾನ ಕರ್ನಾಟಕಕ್ಕೆ ಬೇಗನೆ ಬಂತು. ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಅಂದರೆ ಮೈಕೋ, ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1951ರಲ್ಲಿ. 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಾಯಿತು. ಅದರ ಆಡುಗೋಡಿ ಕಾರ್ಖಾನೆಯಲ್ಲಿ ತಯಾರಾದ ಪಂಪುಗಳು ದೇಶದ ಉದ್ದಗಲಕ್ಕೂ ಹರಡಿದವು. 1954ರಲ್ಲಿ ಟಾಟಾ ಸಂಸ್ಥೆ ಡೈಮ್ಲರ್-ಬೆಂಜ್ ಸಹಯೋಗದಿಂದ ಲಾರಿ ತಯಾರಿಸತೊಡಗಿತು. ಮರುವರ್ಷ ಅಶೋಕ್ ಲೇಲ್ಯಾಂಡ್ ಹೆಸರು ಚಾಲ್ತಿಗೆ ಬಂತು.

ಘಾಟಿಯ ಲಾರಿ, ಬಸ್ಸುಗಳಲ್ಲಿದ್ದ ತತ್ತ್ವವೇ ತೋಟದ ಡೀಸೆಲ್ ಪಂಪುಸೆಟ್ಟಿನಲ್ಲೂ ಇತ್ತು. ಟ್ಯಾಂಕು ಬರಿದಾದ ಮೇಲೆ ನಟ್ಟು ಸಡಿಲಿಸಿ ‘ಏರ್ ತೆಗೆಯುವುದು’ ಅಡಿಕೆ ಬೆಳೆಗಾರನಿಗೂ ಗೊತ್ತಿದ್ದ ವಿದ್ಯೆ. ದ್ರವವನ್ನು ಹಿಂಡಿ ಕುಗ್ಗಿಸುವುದು ಬಹಳ ಕಷ್ಟ. ಗಾಳಿ ಸುಲಭವಾಗಿ ಕುಗ್ಗುತ್ತದೆ. ಕೊಳವೆಯಲ್ಲಿ ಗಾಳಿ ಸೇರಿದರೆ ಪಂಪಿನ ಶ್ರಮವೆಲ್ಲ ಅದನ್ನು ಕುಗ್ಗಿಸುವುದರಲ್ಲೇ ಮುಗಿದು ನಾಜಲ್ ತೆರೆಯುವುದಿಲ್ಲ. ಪುಸ್ತಕ ಓದದೆಯೂ ಸಾವಿರಾರು ಕೈಗಳು ಈ ಭೌತವಿಜ್ಞಾನವನ್ನು ಕಲಿತಿದ್ದವು.

ಅಡ್ಡಕೊಳವೆಯ ಉಪಾಯ

ಆದರೆ ಈ ಪಂಪಿಗೆ ಒಂದು ಕೊರತೆಯಿತ್ತು. ಅದು ಎಂಜಿನ್ನಿನ ವೇಗಕ್ಕೆ ಕಟ್ಟಿಬಿದ್ದದ್ದು. ಏರಿನಲ್ಲಿ ಭಾರ ಹೊತ್ತ ಎಂಜಿನ್ ನಿಧಾನಿಸಿದರೆ ಚಿಮ್ಮುವ ಒತ್ತಡವೂ ಇಳಿಯುತ್ತದೆ, ಇಂಧನದ ಹನಿಗಳು ದಪ್ಪವಾಗುತ್ತವೆ, ಕಪ್ಪು ಹೊಗೆ ಬರುತ್ತದೆ. ಹೊಗೆಯ ಮೇಲಿನ ಕಾನೂನುಗಳು ಬಿಗಿಯಾದಂತೆ, ವೇಗ ಎಷ್ಟೇ ಇದ್ದರೂ ಬೇಕಾದಷ್ಟು ಒತ್ತಡ ಕೊಡುವ ವ್ಯವಸ್ಥೆ ಅಗತ್ಯವಾಯಿತು.

ಅಮೆರಿಕದ ಕ್ಯಾಟರ್‌ಪಿಲ್ಲರ್ ಮತ್ತು ನ್ಯಾವಿಸ್ಟಾರ್ ಕಂಪೆನಿಗಳು ಇದಕ್ಕೆ ಎಂಜಿನ್ ಆಯಿಲನ್ನೇ ಬಳಸಿದವು. ಫೋರ್ಡ್ ಟ್ರಕ್ಕುಗಳಿಗಾಗಿ 1994ರಲ್ಲಿ ಬಂದ 7.3 ಲೀಟರಿನ ‘ಪವರ್ ಸ್ಟ್ರೋಕ್’ ಎಂಜಿನ್ನಿನಲ್ಲಿ ಒಂದು ಪಂಪು ಆಯಿಲನ್ನು ಸುಮಾರು 200 ಬಾರ್‌ವರೆಗೆ ಒತ್ತುತ್ತದೆ. ಇಂಜೆಕ್ಟರಿನೊಳಗಿನ ದೊಡ್ಡ ಕೊಂತದ ಮೇಲೆ ಬಿದ್ದ ಆ ಒತ್ತಡ, ಅದರ ಏಳನೇ ಒಂದರಷ್ಟು ವಿಸ್ತೀರ್ಣದ ಚಿಕ್ಕ ಕೊಂತದ ಮೂಲಕ ಏಳು ಪಟ್ಟಾಗುತ್ತದೆ. ಹೀಗೆ ಇಂಧನಕ್ಕೆ ಸುಮಾರು 1400 ಬಾರ್ ಒತ್ತಡ ಸಿಗುತ್ತದೆ.

ಇದರ ಎಂಟು ಸಿಲಿಂಡರುಗಳು ‘ವಿ’ ಆಕಾರದಲ್ಲಿ ನಾಲ್ಕು ನಾಲ್ಕಾಗಿ ಎರಡು ಸಾಲಿನಲ್ಲಿವೆ. ಪಂಪಿನಿಂದ ಸಾಲಿಗೊಂದರಂತೆ ಎರಡು ಹೋಸುಗಳು. ಒಂದು ಇಂಜೆಕ್ಟರು ಆಯಿಲನ್ನು ಎಳೆದುಕೊಂಡಾಗಲೆಲ್ಲ ಆ ಸಾಲಿನಲ್ಲಿ ಒತ್ತಡ ಕುಸಿದು ಏರುತ್ತದೆ. ಇದನ್ನು ತಗ್ಗಿಸಲು, ಎರಡೂ ಸಾಲುಗಳ ಆಯಿಲ್ ನಾಳಗಳನ್ನು ಜೋಡಿಸುವ ಅಡ್ಡಕೊಳವೆಗಳನ್ನು ಹೊರಗಿನ ಬಿಡಿಭಾಗ ತಯಾರಕರು ಮಾರಾಟಕ್ಕೆ ತಂದರು. ಅಳವಡಿಸುವುದು ಕಾಗದದ ಮೇಲೆ ಸುಲಭ: ಎಂಜಿನ್ ನಿಲ್ಲಿಸಿ, ತಣಿಸಿ, ಒತ್ತಡ ಇಳಿದ ಮೇಲೆ ನಾಳಗಳ ತುದಿಯ ಪ್ಲಗ್ಗುಗಳನ್ನು ಬಿಚ್ಚಿ, ಹೊಸ ‘ಓ’ ರಿಂಗುಗಳೊಡನೆ ಕೊಳವೆಯನ್ನು ಕೂರಿಸುವುದು. ಆದರೆ ಒಂದು ಕಣ ಕೊಳೆ ಒಳಹೊಕ್ಕರೂ ಇಂಜೆಕ್ಟರು ಕೆಡುತ್ತದೆ. ಬಿಸಿ ಟರ್ಬೋಗೆ ತಾಗಿ ಹೋಸು ಸವೆದರೆ 200 ಬಾರ್‌ನ ಆಯಿಲು ಬೆಂಕಿಗೆ ದಾರಿಯಾಗುತ್ತದೆ.

ಈ ಉಪಾಯದ ತಿರುಳು ಅಡಿಕೆಗೆ ಬೋರ್ಡೋ ಸಿಂಪಡಿಸಿದವರಿಗೆ ಹೊಸತಲ್ಲ. ಕೈಯಿಂದ ಹಿಂದೆ ಮುಂದೆ ಎಳೆಯುವ ಗಟೋರ್ ಪಂಪಿನಲ್ಲಿ ಎಳೆತ ಬಿಟ್ಟು ಬಿಟ್ಟು ಆದರೂ ಮೇಲೆ ಮದ್ದು ಒಂದೇ ಸಮನೆ ಚಿಮ್ಮುತ್ತದೆ. ನಡುವಿನ ಒತ್ತಡದ ಪಾತ್ರೆ ಏರಿಳಿತವನ್ನು ನುಂಗಿಕೊಳ್ಳುತ್ತದೆ. ಹಂಚಿಕೊಂಡ ಸಂಗ್ರಹ ದೊಡ್ಡದಾದಷ್ಟೂ ಏರಿಳಿತ ಕಡಮೆ.

ಎಲ್ಲರಿಗೂ ಒಂದೇ ಕೊಳವೆ

ಈ ತತ್ತ್ವವನ್ನೇ ಪೂರ್ಣವಾಗಿ ಅಳವಡಿಸಿಕೊಂಡದ್ದು ‘ಕಾಮನ್ ರೈಲ್’. ಇಲ್ಲಿ ಇಂಧನವನ್ನೇ ಒಂದು ದಪ್ಪ ಕೊಳವೆಯಲ್ಲಿ ಒತ್ತಿಟ್ಟಿರುತ್ತಾರೆ. ಎಲ್ಲ ಇಂಜೆಕ್ಟರುಗಳೂ ಕಂಪ್ಯೂಟರಿನ ಆಜ್ಞೆಯಂತೆ ಅದರಿಂದ ಪಡೆಯುತ್ತವೆ. ಜಪಾನಿನ ಡೆನ್ಸೋ 1995ರಲ್ಲಿ ಲಾರಿಗೆ, ಬಾಷ್ 1997ರಲ್ಲಿ ಕಾರಿಗೆ ಇದನ್ನು ತಂದವು. ಬಾಷ್‌ನ ಮೊದಲ ವ್ಯವಸ್ಥೆಯಲ್ಲಿ 1350 ಬಾರ್ ಇದ್ದ ಒತ್ತಡ ಇಂದು 2000 ಬಾರನ್ನೂ ದಾಟಿದೆ. ಭಾರತದಲ್ಲಿ ಬಿ.ಎಸ್.-4 ನಿಯಮ 2017ರಲ್ಲಿ, ಬಿ.ಎಸ್.-6 ನಿಯಮ 2020ರಲ್ಲಿ ದೇಶವ್ಯಾಪಿಯಾದ ಮೇಲೆ ಹೊಸ ಲಾರಿಗಳಲ್ಲಿ ಕಾಮನ್ ರೈಲ್ ಸಾಮಾನ್ಯವಾಯಿತು.

ಅಪಾಯ ಇರುವುದು ಇಲ್ಲಿಯೇ. ಇಷ್ಟು ಒತ್ತಡದಲ್ಲಿ ಕಣ್ಣಿಗೆ ಕಾಣದ ಸೋರಿಕೆಯೂ ಸೂಜಿಯಂತೆ ಚರ್ಮವನ್ನು ತೂರುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಾಣಬಹುದು, ಮೊದಲಿಗೆ ನೋವೂ ಇಲ್ಲದಿರಬಹುದು. ಒಳಗೆ ಹೊಕ್ಕ ಎಣ್ಣೆ ಮಾತ್ರ ಅಂಗಾಂಶವನ್ನು ಕೊಲ್ಲುತ್ತಿರುತ್ತದೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳು ತೆಗೆಯಬೇಕಾಗಬಹುದು. ಡೀಸೆಲ್ ಎಂಜಿನ್ನಿನ ಎಣ್ಣೆ ಹೀಗೆ ದೇಹಕ್ಕೆ ಹೊಕ್ಕ ಪ್ರಕರಣವನ್ನು ರೀಸ್ ಎಂಬ ವೈದ್ಯ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1937ರಷ್ಟು ಹಿಂದೆಯೇ ವರದಿ ಮಾಡಿದ್ದರು. ಆದ್ದರಿಂದ ಸೋರಿಕೆಯನ್ನು ಕೈಯಿಂದ ತಡವಿ ಹುಡುಕಬಾರದು, ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಎಂಜಿನ್ ಓಡುತ್ತಿರುವಾಗ ನಟ್ಟನ್ನು ಮುಟ್ಟಲೇಬಾರದು.

ಹಾಗಾದರೆ ಹಳೆಯ ಮೆಕ್ಯಾನಿಕನ ವಿದ್ಯೆ ವ್ಯರ್ಥವಾಯಿತೇ? ಇಲ್ಲ. ಒಂದೊಂದೇ ಸಿಲಿಂಡರನ್ನು ನಿಲ್ಲಿಸಿ ಸದ್ದು ಕೇಳುವ ಅದೇ ಪರೀಕ್ಷೆಯನ್ನು ಈಗ ಸ್ಕ್ಯಾನರ್ ಮೂಲಕ ಮಾಡಬಹುದು. ಪ್ರತಿ ಇಂಜೆಕ್ಟರಿನಿಂದ ಟ್ಯಾಂಕಿಗೆ ಮರಳುವ ಇಂಧನವನ್ನು ಅಳತೆಯ ಬಾಟಲಿಗಳಲ್ಲಿ ಹಿಡಿದು ಹೋಲಿಸಿದರೆ, ಸವೆದ ಇಂಜೆಕ್ಟರು ತಾನೇ ಸಿಕ್ಕಿಬೀಳುತ್ತದೆ. ಕಿವಿ ಅದೇ, ತರ್ಕವೂ ಅದೇ. ಬದಲಾಗಬೇಕಾದದ್ದು ಸ್ಪ್ಯಾನರ್ ಹಿಡಿದ ಕೈಯ ಅಭ್ಯಾಸ. ಘಾಟಿಯ ಬುಡದ ಗ್ಯಾರೇಜುಗಳಲ್ಲಿ ಹಳೆಯ ಲಾರಿಯೂ ಹೊಸ ಲಾರಿಯೂ ಅಕ್ಕಪಕ್ಕ ನಿಲ್ಲುತ್ತಿರುವ ಈ ಕಾಲದಲ್ಲಿ, ಯಾವ ನಟ್ಟು ಎಂದು ಒಮ್ಮೆ ನೋಡಿ ಮುಂದುವರಿಯುವುದು ಲೇಸು.